ಮರಳಿನೊಳಗಿನ ಸಿಹಿನೀರು

ಕೊಳಾಲದ ಕಡೆಯವರಿಗೆ ಮರಳು ಕಂಡರೆ ನೀರು ಕಂಡಷ್ಟೇ ಧೈರ್ಯ. ಬೇಸಿಗೆಯಲ್ಲಿ ಜಯಮಂಗಲಿ ಹೊಳೆ ಬತ್ತಿದಾಗ ಮರಳು ತೋಡಿ, ಒರತೆಯಲ್ಲಿ ಜಿನುಗುವ ನೀರನ್ನು ಮೊಗೆಮೊಗೆದು ಕೊಡ ತುಂಬಿಸುತ್ತಾರೆ. ಶಿವರುದ್ರಮ್ಮನವರು ಮದುವೆಯಾಗಿ ಬಂದ ವರ್ಷದಿಂದ ಮಾಡಿಕೊಂಡು ಬಂದ ಕೆಲಸ ಅದು. ಹಾಗಾಗಿ, ಮೈಸೂರು ಸೀಮೆ ದಾಟಿ ಘಟ್ಟ ಇಳಿದ ಅವರ ಎತ್ತಿನ ಗಾಡಿ ಗೋಕರ್ಣದ ಕಡಲ ದಂಡೆಯಲ್ಲಿ ನಿಂತಾಗ, ಬಿಡಾರ ಎಲ್ಲಿ ಎಂದು ಅವರು ಯಾರನ್ನೂ ಕೇಳಲಿಲ್ಲ.

"ಇಲ್ಲೇ ಕಣ್ಲಾ ಪರ್ವತಾ, ಈ ಮರಳ ಮೇಲೆ."

"ಊರೊಳಗೆ ಛತ್ರ ಐತೆ, ಬಾವಿ ಐತೆ. ಇಲ್ಲಿ ಕುಡಿಯಾಕೆ ನೀರೆಲ್ಲೈತವ್ವ?" ಎಂದ ಮಗ ಪರ್ವತಯ್ಯ.

"ಒರತೆ ತೋಡಿದ್ರಾಯ್ತು."

"ಸರಿ. ಸಿಹಿನೀರು ಬಂದ್ರೆ ಇಲ್ಲೇ ಇರಾನ. ಬರ್ದಿದ್ರೆ ಛತ್ರ. ಆಮೇಲೆ ನೀನು ಮಾತಾಡಂಗಿಲ್ಲ."

ಸೊಸೆ ಸರ್ವಮಂಗಳಾ ಅತ್ತೆಯ ಮುಖ ನೋಡಿದಳು. ಛತ್ರಕ್ಕೆ ಹೋದರೆ ದಂಡೆಗೆ ಮತ್ತೆ ನಡೆದು ಬರುವ ಶಕ್ತಿ ಅವರ ಮಂಡಿಗಳಿಗಿರಲಿಲ್ಲ. ಮರುದಿನ ಬೆಳಗ್ಗೆ ದೇವರ ದರ್ಶನ ಮುಗಿಯುತ್ತಲೇ ಗಾಡಿ ಊರಿನ ದಾರಿ ಹಿಡಿಯಲಿತ್ತು. ಘಟ್ಟದಲ್ಲಿ ಅತ್ತೆ ಅವಳ ಕಿವಿಯ ಹತ್ತಿರ ಬಾಗಿ ಹೇಳಿದ್ದರು: "ಬತ್ತದಿರೋ ನೀರಿನ ಮಗ್ಗುಲಲ್ಲಿ ಒಂದು ರಾತ್ರಿ ಮಲಗಬೇಕು ಕಣೇ. ಬೇರೇನೂ ಬ್ಯಾಡ ನಂಗೆ."

ಅಲೆ ಹಿಂದೆ ಸರಿದ ಹಸಿ ಮರಳಿನಲ್ಲಿ ಅತ್ತೆ ಸೊಸೆ ಕೂತು ತೋಡಿದರು. ನೀರು ಬುಳಬುಳನೆ ಬಂತು. ಹೊಳೆಯಲ್ಲಿ ಎಂದೂ ಹೀಗೆ ಬಂದಿರಲಿಲ್ಲ. ಶಿವರುದ್ರಮ್ಮ ಬೊಗಸೆ ಎತ್ತಿ ಕುಡಿದರು. ಸೆರಗಿನಿಂದ ತುಟಿ ಒರೆಸಿಕೊಂಡರು.

"ಸಿಹಿಯಾಗೈತೆ," ಎಂದರು.

ಸರ್ವಮಂಗಳಾ ತಾನೂ ಒಂದು ಗುಟುಕು ನುಂಗಿದಳು. ಉಪ್ಪು ಮೂಗಿಗೇರಿ ಕಣ್ಣಲ್ಲಿ ನೀರು ಬಂತು. "ಹೂಂ, ಒಂಚೂರು ಚಪ್ಪೆ ಅಷ್ಟೆ," ಎಂದಳು.

ಪರ್ವತಯ್ಯ ಇಬ್ಬರನ್ನೂ ನೋಡಿದ. ಬಕೆಟ್ಟು ತುಂಬಿ ಎತ್ತುಗಳ ಮುಂದಿಟ್ಟ. ದಿನವಿಡೀ ಬಾಯಾರಿದ್ದ ಎತ್ತುಗಳು ಮೂತಿ ಅದ್ದಿ, ಫೂ ಎಂದು ಸೀನಿ, ತಲೆ ಕೊಡವಿ ಹಿಂದೆ ಸರಿದವು.

"ಬಸವಣ್ಣಂಗೆ ಸುಳ್ಳು ಹೇಳಾಕೆ ಬರಲ್ಲ ಕಣವ್ವ," ಎಂದು ಅವನು ಹಗ್ಗ ಹಿಡಿದ. ದನಿಯಲ್ಲಿ ಗೆಲುವಿರಲಿಲ್ಲ.

ಶಿವರುದ್ರಮ್ಮ ಏಳಲಿಲ್ಲ. ಗುಂಡಿಯ ಅಂಚಿನ ಮರಳನ್ನು ಬೆರಳಿಂದ ಸವರುತ್ತಾ ಕೂತರು.

ಚಿಪ್ಪು ಆಯುತ್ತಿದ್ದ ಒಬ್ಬ ಹೆಂಗಸು ಇಷ್ಟನ್ನೂ ನೋಡುತ್ತಿದ್ದಳು. ಮೀನುಗಾರರ ಕೇರಿಯ ಹೊನ್ನಿ ಅವಳು. "ಸಮುದ್ರದ ಬಾಯೊಳಗೆ ಕೈ ಹಾಕಿದ್ರೆ ಸಿಹಿ ಸಿಕ್ಕುದಿಲ್ಲ ಅಮ್ಮಾ. ಮೇಲೆ ಬನ್ನಿ," ಎಂದು ನಕ್ಕು, ದೂರದ ಕೇದಗೆ ಮೆಳೆಯ ಬುಡಕ್ಕೆ ಹೋದಳು. ಅಲ್ಲಿ ಮರಳು ಕೆದರಿ ಕೈ ಮುಳುಗುವಷ್ಟು ತೋಡಿದಳು. ನೀರು ನಿಧಾನವಾಗಿ, ಹೊಳೆಯ ಒರತೆಯ ಹಾಗೆಯೇ ಜಿನುಗಿತು. ಕೂಡಲೇ ಅವಳು ಎದ್ದು ಮಾರು ದೂರ ಸರಿದು ನಿಂತಳು. ಲಿಂಗ ಕಟ್ಟಿದವರು ತನ್ನ ಕೈ ತಾಗಿದ ನೀರು ಕುಡಿಯುವುದಿಲ್ಲವೆಂದು ಅವಳಿಗೆ ತಿಳಿದಿತ್ತು. "ಕಲಕಿದ್ದನ್ನ ಮೊಗೆದು ಚೆಲ್ಲಿ. ಆಮೇಲೆ ಬಂದದ್ದು ನಿಮ್ಮದು," ಎಂದಳು.

ಸೊಸೆಯ ಭುಜ ಹಿಡಿದು ನಿಧಾನವಾಗಿ ಮೇಲೆ ಬಂದ ಶಿವರುದ್ರಮ್ಮ ಆ ನೀರನ್ನೂ, ಬಿಸಿಲಿನಲ್ಲಿ ದೂರ ನಿಂತ ಹೆಂಗಸನ್ನೂ ನೋಡಿದರು. ಆಮೇಲೆ ತಮ್ಮ ಹಿತ್ತಾಳೆ ಚೊಂಬನ್ನು ಅವಳ ಕಡೆ ಚಾಚಿದರು.

"ನಂಗೆ ಬಗ್ಗಾಕಾಗಲ್ಲ. ನೀನೇ ಮೊಗೆದುಕೊಡವ್ವ."

"ಅವ್ವಾ..." ಎಂದ ಪರ್ವತಯ್ಯ.

"ನೀರು ಕೊಟ್ಟೋಳು ಅವಳು. ನೀನು ಎತ್ತು ನೋಡ್ಕೋ ಹೋಗು."

ಹೊನ್ನಿ ಸೆರಗಿಗೆ ಕೈ ಒರೆಸಿಕೊಂಡು, ಮತ್ತೂ ಒಮ್ಮೆ ಒರೆಸಿಕೊಂಡು, ಚೊಂಬು ತೆಗೆದುಕೊಂಡಳು. ಶಿವರುದ್ರಮ್ಮ ಕಣ್ಣು ಮುಚ್ಚಿ ಪೂರ್ತಿ ಕುಡಿದರು. ಸರ್ವಮಂಗಳಾ ತನ್ನ ಲೋಟವನ್ನೂ ಮುಂದೆ ಹಿಡಿದಳು.

 ಪರ್ವತಯ್ಯ ಎತ್ತುಗಳನ್ನು ಕೇದಗೆಯ ಕಡೆಗೆ ತಿರುಗಿಸಿ, ಗಾಡಿಯ ಮೂಕಿಯನ್ನು ನೆಲಕ್ಕಿಳಿಸಿ, ಗಾಡಿಯ ಹುಲ್ಲನ್ನು ಮರಳ ಮೇಲೆ ಹರಡಿ ಕಂಬಳಿ ಹಾಸಿದ. ತಾಯಿಯ ತಲೆ ಕಡಲಿನ ಕಡೆಗೆ ಬರುವ ಹಾಗೆ ದಿಂಬನ್ನು ಇಟ್ಟ.