ಬೆರಳು ನಿಂತ ಕಡೆ

ಮೆಕ್ಯಾನಿಕ್ ತನ್ನ ಹೆಂಡತಿಯ ಕಾಲ ಬಳಿ ಮಂಡಿಯೂರಿ ಕೂತು, ಅವಳನ್ನು ಮಲಗಿಸಿದ್ದ ಫ್ರೀಜರ್ ಪೆಟ್ಟಿಗೆಗೆ ಕಿವಿಯಿಟ್ಟು, ಜೇಬಿನಲ್ಲಿದ್ದ ನಾಣ್ಯದಿಂದ ಅದರ ತಳದ ಸ್ಕ್ರೂ ತಿರುಗಿಸುತ್ತಿದ್ದ. ಪೆಟ್ಟಿಗೆ ಬೆಳಿಗ್ಗೆಯಿಂದ ಗಡಗಡ ಅನ್ನುತ್ತಿತ್ತು. ಚಿತಾಗಾರದ ಹಾಲ್‌ನಲ್ಲಿ ಸೇರಿದ್ದ ಉಳಿದವರಿಗೆ ಅದು ಕೇಳಿಸಿಯೂ ಕೇಳಿಸದಂಥ ಸದ್ದು. ಜೀವಮಾನವಿಡೀ ಜನರ ಮನೆಯ ಫ್ರಿಜ್ ರಿಪೇರಿ ಮಾಡಿದವನಿಗೆ ಮಾತ್ರ ಅದನ್ನು ತಡೆದುಕೊಳ್ಳಲು ಆಗಲಿಲ್ಲ.

"ಅಪ್ಪಾ, ಏಳಪ್ಪಾ," ಮಗಳು ಬಗ್ಗಿ ಪಿಸುಗುಟ್ಟಿದಳು. "ಎಲ್ಲರೂ ನೋಡ್ತಿದ್ದಾರೆ."

"ಕಂಪ್ರೆಸರ್ ಸರಿಯಾಗೇ ಇದೆ ಕಣೇ. ಅದನ್ನ ಕೂರಿಸಿರೋ ಸ್ಕ್ರೂ ಸಡಿಲ. ನಿಮ್ಮಮ್ಮನಿಗೆ ಗಲಾಟೆ ಇದ್ರೆ ನಿದ್ದೆ ಬರಲ್ಲ."

ಅಂದ ಮೇಲೆಯೇ ತಾನು ಏನು ಅಂದೆ ಎಂಬುದು ಅವನಿಗೆ ಹೊಳೆದದ್ದು. ಮಗಳು ತಾನೂ ಅವನ ಪಕ್ಕ ಕುಕ್ಕರಗಾಲಿನಲ್ಲಿ ಕೂತಳು. ಅವನು ಇನ್ನರ್ಧ ಸುತ್ತು ತಿರುಗಿಸಿದ್ದೇ ತಡ, ಸದ್ದು ನಿಂತಿತು.

"ಅಬ್ಬಾ, ಕಂಪ್ಲೇಂಟ್ ಕೊಟ್ಟೂ ಕೊಟ್ಟೂ ನನಗೇ ಸಾಕಾಗಿತ್ತು," ಎನ್ನುತ್ತಾ ಹಾಲ್ ನೋಡಿಕೊಳ್ಳುವಾತ ಹತ್ತಿರ ಬಂದ. ಸೊಂಟದಲ್ಲಿ ಬೀಗದ ಕೈ ಗೊಂಚಲು, ಕೈಯಲ್ಲಿ ಒಂದು ಮಡಿಸಿದ ಚೀಟಿ. "ತಗೊಳ್ಳಿ. ಏನು ಮೊದಲು, ಏನು ಆಮೇಲೆ ಅಂತ ಎಲ್ಲಾ ಇದರಲ್ಲಿದೆ. ಕೊನೇ ಸಾಲು ಬೇಕಾದ್ರೆ ಓದದೇ ಬಿಟ್ಟುಬಿಡಿ."

"ಯಾಕೆ?" ಅಂದಳು ಮಗಳು.

"ಯಾವ ಪುಣ್ಯಾತ್ಮರು ಬರೆದರೋ, ಅದನ್ನ ಓದಿದ ಜನ ಜಾಗ ಬಿಟ್ಟು ಏಳೋದೇ ಇಲ್ಲ. ಬೀಗ ಹಾಕೋಕೆ ನಾನು ಕಾಯ್ತಾ ನಿಂತಿರಬೇಕು. ನನ್ನ ಊಟ ದಿನಾ ಆರಿಹೋಗುತ್ತೆ."

ಮೆಕ್ಯಾನಿಕ್ ಚೀಟಿಯನ್ನು ನೋಡದೆಯೇ ಅಂಗಿಯ ಜೇಬಿಗೆ ಸೇರಿಸಿದ. ಹೆಂಡತಿ ಪಕ್ಕದಲ್ಲಿ ಕೂರದೆ ಅವನು ಯಾವ ಚೀಟಿಯನ್ನೂ ಓದಿದವನಲ್ಲ.

ಹೆಂಡತಿಯ ಅಕ್ಕ ಮೊದಲ ಸಾಲಿನ ಕುರ್ಚಿಯಲ್ಲಿ ಕೂತು, ಬಂದವರಿಗೆಲ್ಲ ತಂಗಿಯ ಗುಣಗಾನ ಮಾಡುತ್ತಿದ್ದಳು. ಅಳುವೂ ಮಾತೂ ಒಟ್ಟೊಟ್ಟಿಗೆ ನಡೆದಿತ್ತು. "ಊರಿನ ಔಷಧಿ ಡಬ್ಬಿಯಲ್ಲಿ ಇಡೋ ಚೀಟಿಯೆಲ್ಲ ನನ್ನ ತಂಗಿ ಕೈ ದಾಟಿಯೇ ಹೋಗ್ತಿತ್ತು. ಜನಕ್ಕೆ ಅರ್ಥವಾಗುತ್ತೋ ಇಲ್ವೋ ಅಂತ ಅಳೆದು ಕಳಿಸೋಳು. ಮನೆಗೂ ತರ್ತಿದ್ಲು, ಗಂಡನ ಕೈಲಿ ಓದಿಸೋಕೆ." ಅವಳು ಮೆಕ್ಯಾನಿಕ್ಕಿನ ಕಡೆ ನೋಡಿ ಮೂಗೊರೆಸಿಕೊಂಡಳು. "ಪಾಪ, ಇವರಿಗೆ ಅರ್ಥ ಆಯ್ತು ಅಂದ್ರೆ ಯಾರಿಗಾದ್ರೂ ಅರ್ಥ ಆಗುತ್ತೆ ಅಂತ ಧೈರ್ಯ."

"ದೊಡ್ಡಮ್ಮಾ!" ಅಂದಳು ಮಗಳು.

"ಅಯ್ಯೋ, ಕೆಟ್ಟದ್ದೇನು ಹೇಳಿದೆ ಈಗ?"

ಮೆಕ್ಯಾನಿಕ್ ನಕ್ಕುಬಿಟ್ಟ. ಆದರೆ ಮಾತು ಮಾತ್ರ ಹೋಗಿ ಒಳಗೆ ಕೂತಿತು. ತಾನು ದಡ್ಡನೆಂದು ಹೆಂಡತಿ ತನ್ನನ್ನು ಓದಲು ಕೂರಿಸುತ್ತಿದ್ದಳೇ? ಅದೇನೋ ಪರವಾಗಿಲ್ಲ, ಸಹಿಸಿಕೊಳ್ಳಬಹುದು. ಅದಕ್ಕಿಂತ ದೊಡ್ಡ ಮುಳ್ಳೊಂದು ಎಷ್ಟೋ ವರ್ಷದಿಂದ ಚುಚ್ಚುತ್ತಿತ್ತು: ತಾನು ಅವಳಿಗೆ ಮಾಡುತ್ತ ಬಂದ ಮೋಸ ಅವಳಿಗೆ ಗೊತ್ತಿತ್ತೇ, ಇಲ್ಲವೇ? ಕೇಳಬೇಕಾದವಳು ಈಗ ಸದ್ದಿಲ್ಲದ ಪೆಟ್ಟಿಗೆಯಲ್ಲಿ ಮಲಗಿದ್ದಳು.

*

ಮದುವೆಯಾದ ಹೊಸತರಲ್ಲಿ ಒಂದು ಸಂಜೆ ಅವಳು ಆಫೀಸಿನಿಂದ ಎರಡು ಹಾಳೆ ತಂದು ಊಟದ ಮೇಜಿನ ಮೇಲೆ ಹರಡಿದಳು. ಔಷಧಿ ಡಬ್ಬಿಯೊಳಗಿನ ಚೀಟಿ, ಸ್ಟೌವಿನ ಸೂಚನೆ, ಆಸ್ಪತ್ರೆ ಗೋಡೆಯ ಫಲಕ, ಇವೆಲ್ಲ ಓದುವವರಿಗೆ ತಿಳಿಯುತ್ತವೆಯೋ ಎಂದು ಅಚ್ಚಿಗೆ ಹೋಗುವ ಮುಂಚೆ ಪರೀಕ್ಷೆ ಮಾಡುವುದು ಅವಳ ಕೆಲಸ. ಆಫೀಸಿನ ಕಂಪ್ಯೂಟರ್ ಪದ ಎಷ್ಟುದ್ದ, ವಾಕ್ಯ ಎಷ್ಟುದ್ದ ಎಂದು ಎಣಿಸಿ ಅಂಕ ಕೊಡುತ್ತಿತ್ತು. ಆ ಅಂಕದ ಮೇಲೆ ಅವಳಿಗೆ ಎಳ್ಳಷ್ಟೂ ನಂಬಿಕೆಯಿರಲಿಲ್ಲ.

"'ಅಡುಗೆಮನೆಯಲ್ಲಿಟ್ಟುಕೊಳ್ಳಬೇಡಿ' ರೈಲಿನ ಥರ ಉದ್ದ ಇದೆ ಅಂತ ಅದಕ್ಕೆ ಕಷ್ಟವಂತೆ. 'ಪ್ಲೀಹ' ಎರಡೇ ಅಕ್ಷರ, ಸುಲಭವಂತೆ. ಎಲ್ಲಿ, ನೀವು ಹೇಳಿ ನೋಡೋಣ. ಪ್ಲೀಹ ಎಲ್ಲಿದೆ?"

ಅವನು ಗಂಭೀರವಾಗಿ ಯೋಚಿಸಿದ. "ಬಸ್ಸು ಹೋಗುತ್ತಾ ಅಲ್ಲಿಗೆ?"

ಅವಳು ನಕ್ಕೂ ನಕ್ಕೂ ಕಣ್ಣಲ್ಲಿ ನೀರು ತಂದುಕೊಂಡಳು. ಪ್ಲೀಹ ಅವನ ಎಡಪಕ್ಕೆಯ ಕೆಳಗೇ ಇದೆಯೆಂದು ಮುಟ್ಟಿ ತೋರಿಸಿದಳು. ಆಮೇಲೆ ಒಂದು ಹಾಳೆ ಅವನ ಮುಂದಿಟ್ಟು, ಸಾಲಿನ ಕೆಳಗೆ ಬೆರಳಿಟ್ಟುಕೊಂಡು ಓದಿರಿ ಎಂದಳು. ಅದರದೇ ಇನ್ನೊಂದು ಪ್ರತಿ, ಒಂದು ಪೆನ್ಸಿಲ್ ಹಿಡಿದು ಪಕ್ಕದಲ್ಲಿ ಕೂತಳು. ಓದುವಾಗ ಅವಳು ತುಟಿ ಬಿಚ್ಚಳು, ಸಹಾಯ ಮಾಡಳು. ಬೆರಳು ಎಲ್ಲಿ ನಿಲ್ಲುತ್ತದೋ ಅಲ್ಲಿ ತನ್ನ ಪ್ರತಿಯಲ್ಲಿ ಒಂದು ಚುಕ್ಕಿ ಇಡುವಳು. ಕೊನೆಯಲ್ಲಿ ಒಂದೇ ಪ್ರಶ್ನೆ: "ಈಗ ಏನು ಮಾಡ್ತೀರಿ, ಹೇಳಿ." ಅವನು ತಪ್ಪು ಹೇಳಿದರೆ ತಪ್ಪು ಚೀಟಿಯದು, ಅವನದಲ್ಲ. ಶಾಲೆಯಲ್ಲಿ ಬರೀ ಬೈಸಿಕೊಂಡೇ ಬೆಳೆದವನಿಗೆ ಇಂಥ ಪರೀಕ್ಷೆ ಎಲ್ಲಿ ಸಿಗಬೇಕು?

ಆದರೆ ಓದುತ್ತ ಓದುತ್ತ ಅವನು ಹುಷಾರಾಗಿಬಿಟ್ಟ. ಊಟಕ್ಕೆ ಮುಂಚೆ, ಊಟದ ನಂತರ, ಮಕ್ಕಳ ಕೈಗೆ ಸಿಗದಂತೆ, ಎಲ್ಲವೂ ಬಾಯಿಪಾಠವಾಗಿ ಬೆರಳು ಎಲ್ಲೂ ನಿಲ್ಲದೆ ಓಡತೊಡಗಿತು. ಬೆರಳು ಓಡಿದರೆ ಅವಳು "ಆಯ್ತು" ಎಂದು ಎದ್ದು ಪಾತ್ರೆ ತೊಳೆಯಲು ಹೋಗುವಳು. ಹೀಗಾಗಿ ಒಂದು ಸಂಜೆ ಅವನು ಬೇಕೆಂದೇ 'ಬಿಸಿನೀರು' ಎಂಬಲ್ಲಿ ಬೆರಳು ನಿಲ್ಲಿಸಿದ. ಅವಳು ಹತ್ತಿರಕ್ಕೆ ಬಾಗಿದಳು. ಭುಜಕ್ಕೆ ಭುಜ ತಾಗಿತು.

"ಏನನ್ನಿಸ್ತು?"

"ಎಷ್ಟು ಬಿಸಿ ಅಂತ ಹೇಳಿಲ್ವಲ್ಲ."

ಅವಳು ಹುಬ್ಬುಗಂಟಿಕ್ಕಿ ಒಂದು ಚುಕ್ಕಿ ಇಟ್ಟಳು. ಅಂದಿನಿಂದ ಶುರುವಾದ ಮೋಸ, ಮಗಳು ಹುಟ್ಟಿ ಬೆಳೆದು ಕೆಲಸಕ್ಕೆ ಸೇರಿದ ಮೇಲೂ ನಿಲ್ಲಲಿಲ್ಲ. ಆಗಾಗ ಅವನಿಗೆ ದಿಗಿಲಾಗುತ್ತಿತ್ತು. ತನ್ನ ಸುಳ್ಳು ಚುಕ್ಕಿಗಳಿಂದ ಊರಿನ ಔಷಧಿ ಚೀಟಿಗಳೆಲ್ಲ ಕೆಟ್ಟು ಕೂತಿದ್ದರೆ? ಆದರೂ ಸಂಜೆಯಾಗಿ ಅವಳು ಬ್ಯಾಗಿಗೆ ಕೈ ಹಾಕಿದರೆ ಸಾಕು, ಬೆರಳು ತಾನಾಗಿ ಸಿದ್ಧವಾಗುತ್ತಿತ್ತು.

*

ಅವಳ ಆಫೀಸಿನವರು ಗುಂಪಾಗಿ ಬಂದರು. ಪೆಟ್ಟಿಗೆಯ ಸುತ್ತ ಸ್ವಲ್ಪ ಹೊತ್ತು ನಿಂತು, ಆಮೇಲೆ ಒಬ್ಬೊಬ್ಬರಾಗಿ ಮೆಕ್ಯಾನಿಕ್ಕನ್ನು ಕದ್ದು ನೋಡತೊಡಗಿದರು. ದುಃಖದ ಜೊತೆಗೆ ಅದೇನೋ ಕುತೂಹಲ. ಯಾರೋ ಯಾರಿಗೋ "ಇವರೇನಾ ಅಳತೆಗೋಲು?" ಎಂದು ಪಿಸುಗುಟ್ಟಿದ್ದು ಅವನಿಗೂ ಕೇಳಿಸಿತು.

ಅಷ್ಟರಲ್ಲಿ ಹೊತ್ತಾಯಿತೆಂದು ಕರೆದರು. ಪೆಟ್ಟಿಗೆಯಿಂದ ಅವಳನ್ನು ಎತ್ತಿ ಗಾಲಿಯ ಹಲಗೆಗೆ ಮಲಗಿಸಿದರು. ಮಗಳು ಅಮ್ಮನ ಬಲಗೈಯ ತೋರುಬೆರಳನ್ನೂ ಹೆಬ್ಬೆರಳನ್ನೂ ಸವರಿದಳು; ಪೆನ್ಸಿಲ್ ಹಿಡಿದೂ ಹಿಡಿದೂ ಅಲ್ಲಿ ಚರ್ಮ ಗಟ್ಟಿಯಾಗಿತ್ತು. ಚಿತೆಯ ಕಬ್ಬಿಣದ ಬಾಗಿಲು ತೆರೆದು, ಅವಳು ಒಳಗೆ ಹೋದ ಮೇಲೆ ಮುಚ್ಚಿಕೊಂಡಿತು. ಮೆಕ್ಯಾನಿಕ್ ಎರಡೂ ಕೈಯಿಂದ ಕುರ್ಚಿಯ ಬೆನ್ನು ಹಿಡಿದುಕೊಂಡು, ಮೆಲ್ಲಗೆ ಅದರಲ್ಲಿ ಕೂತ.

ಜನ ಕರಗಿದರು. ದೊಡ್ಡಮ್ಮನನ್ನು ಕಾರಿಗೆ ಹತ್ತಿಸಿ ಬರಲು ಮಗಳು ಹೋದಳು. ಆಫೀಸಿನ ಗುಂಪಿನಲ್ಲಿ ಒಬ್ಬಾಕೆ ಮಾತ್ರ ಉಳಿದಿದ್ದಳು, ಅವನ ಹೆಂಡತಿಯ ಕೈಕೆಳಗೆ ಕೆಲಸ ಕಲಿತವಳು. ಆಕೆ ಬಂದು ಅವನ ಪಕ್ಕ ಕೂತಳು.

"ಬೇಜಾರು ಮಾಡ್ಕೋಬೇಡಿ ಸರ್. ನಿಮ್ಮನ್ನ ನೋಡಬೇಕು ಅಂತ ನಮಗೆಲ್ಲ ತುಂಬಾ ಆಸೆ ಇತ್ತು."

"ಅಳತೆಗೋಲು ಅಂದ್ರಲ್ಲ. ದಡ್ಡ ಅಂತ ತಾನೇ?"

"ಅಯ್ಯೋ, ಛೇ! ಸರ್, ನಮ್ಮ ಕೆಲಸದಲ್ಲಿ ಒಬ್ಬರ ಹತ್ತಿರ ಮೂರ್ನಾಲ್ಕು ಚೀಟಿ ಓದಿಸಿದ ಮೇಲೆ ಅವರನ್ನ ಬಿಟ್ಟುಬಿಡಬೇಕು. ಅಷ್ಟರಲ್ಲಿ ಪಳಗಿಬಿಟ್ಟಿರ್ತಾರೆ. ಮೇಡಂ ಕಲಿಸಿದ ಮೊದಲ ಪಾಠವೇ ಅದು."

"ಹಾಗಾದ್ರೆ ನಾನು?"

"ನೀವು ಮದುವೆಯಾದ ವರ್ಷವೇ ಕೆಟ್ಟುಹೋಗಿದ್ರಂತೆ." ಆಕೆಗೆ ನಗು ಬಂದು, ಬಾಯಿಗೆ ಕೈ ಅಡ್ಡ ಹಿಡಿದಳು. "'ನಮ್ಮನೆ ಅಳತೆಗೋಲು ಯಾವತ್ತೋ ಸವೆದುಹೋಯ್ತು ಕಣ್ರೇ, ನಿನ್ನೆ ಲೋಟ ಅನ್ನೋ ಪದಕ್ಕೆ ನಿಂತುಬಿಡ್ತು' ಅಂತಿದ್ರು. ಮಧ್ಯಾಹ್ನ ಊಟಕ್ಕೆ ಕೂತಾಗ ನಮಗೆ ಅದೇ ಕತೆ."

ಮೆಕ್ಯಾನಿಕ್ ಆಕೆಯ ಕಡೆಗೆ ತಿರುಗಿದ. "ಅವಳಿಗೆ ಗೊತ್ತಿತ್ತಾ?"

"ಗೊತ್ತಿಲ್ಲದೆ ಇರುತ್ತಾ? ಬೆರಳು ನಿಜವಾಗಿ ನಿಂತ್ರೆ ಜೊತೆಗೆ ಉಸಿರೂ ನಿಲ್ಲುತ್ತೆ ಸರ್. ಸುಮ್ಮನೆ ನಿಲ್ಲಿಸಿದ್ರೆ ಉಸಿರು ಆಡ್ತಾನೇ ಇರುತ್ತೆ. ಅದೂ ಮೇಡಂ ಪಾಠವೇ."

"ಮತ್ತೆ ದಿನಾ ಯಾಕೆ ಹಾಳೆ ತರ್ತಿದ್ಲು?"

"ಅವೆಲ್ಲ ಆಗಲೇ ಅಚ್ಚಾಗಿ ಮುಗಿದ ಚೀಟಿಗಳು. ಸಂಜೆ ಹೊರಡೋವಾಗ ರದ್ದಿ ಬುಟ್ಟಿಯಿಂದ ಆರಿಸಿ ಬ್ಯಾಗಿಗೆ ಹಾಕ್ಕೊಳ್ತಿದ್ರು."

ಔಷಧಿ ಚೀಟಿಗಳು ಕೆಟ್ಟಿರಲಿಲ್ಲ. ಅವನ ಮೋಸಕ್ಕೆ ಅವಳೂ ಪಾಲುದಾರಳಾಗಿದ್ದಳು. ಎಂಥ ಕಳ್ಳಿ! ಹುಬ್ಬುಗಂಟಿಕ್ಕಿ ಎಷ್ಟು ಚೆನ್ನಾಗಿ ಚುಕ್ಕಿ ಇಡುತ್ತಿದ್ದಳು. ಅವನಿಗೆ ನಗು ಬಂತು, ನಗುತ್ತಿದ್ದಂತೆಯೇ ಕಣ್ಣು ತುಂಬಿ ಎದುರಿನ ಗೋಡೆ ಕಲೆಸಿಹೋಯಿತು.

"ಒಂದೇ ಒಂದು ಸಲ ಮಾತ್ರ," ಆಕೆ ಮೆಲ್ಲಗೆ ಅಂದಳು, "ನಿಮ್ಮ ಬೆರಳು ನಿಂತ ಜಾಗನ ಆಫೀಸಿಗೆ ತಂದಿದ್ರು."

"ಯಾವ ಚೀಟಿದು?"

"ನಿಮ್ಮ ಜೇಬಲ್ಲೇ ಇದೆ ಸರ್."

*

ಕೆಲವು ವರ್ಷಗಳ ಹಿಂದಿನ ಮಾತು. ಅವತ್ತು ಅವಳು ಹಾಳೆ ಹರಡುವ ಮುಂಚೆಯೇ ಇದು ಚಿತಾಗಾರಕ್ಕಂತೆ ಎಂದಿದ್ದಳು. ಅವನು ಎಂದಿನಂತೆ ಬೆರಳಿಟ್ಟು ಹೊರಟ. ಎಲ್ಲಿ ನಿಲ್ಲಿಸಿದರೆ ಚೆನ್ನ ಎಂದು ಹುಡುಕುತ್ತಲೇ ಕೊನೆಯ ಸಾಲಿಗೆ ಬಂದ. 'ಬಾಗಿಲು ಮುಚ್ಚಿದ ಮೇಲೆ ನೀವು ಮನೆಗೆ ಹೋಗಬಹುದು.' ಬೆರಳು ನಿಂತಿತು.

"ರೀ, ಇದೂ ಗೊತ್ತಾಗಲ್ವಾ?" ಅವಳು ನಗುತ್ತಿದ್ದಳು.

"ಇಲ್ಲ. ಹೇಗೆ ಹೋಗೋದು?"

"ಬಂದ ದಾರೀಲೇ."

"ಬರುವಾಗ ಜೊತೇಲಿ ಇದ್ದವರು ಹೋಗುವಾಗ ಇರಲ್ವಲ್ಲ. ಹೇಗೆ ಎದ್ದು ಹೋಗೋದು?"

ಅವಳ ನಗು ನಿಂತಿತು. ಅವನ ಬೆರಳನ್ನು ಸುಮ್ಮನೆ ನೋಡಿದಳು. ಪೆನ್ಸಿಲ್ ಎತ್ತಿದವಳು ಚುಕ್ಕಿ ಇಡದೆ ಹಾಳೆ ಮಡಿಸಿ ಎದ್ದುಹೋದಳು. ಅಷ್ಟೂ ವರ್ಷ ಸುಳ್ಳುಚುಕ್ಕಿ ಇಡಿಸಿಕೊಂಡವನಿಗೆ ನಿಜವಾಗಿ ತಡವರಿಸಿದಾಗ ಒಂದು ಚುಕ್ಕಿ ಸಿಗಲಿಲ್ಲ. ಆ ಸಂಕಟ ಎಷ್ಟೋ ದಿನ ಅವನನ್ನು ಬಿಟ್ಟಿರಲಿಲ್ಲ.

*

"ಅದೊಂದು ಚೀಟಿ ಮಾತ್ರ ಇನ್ನೂ ಅಚ್ಚಾಗಿರಲಿಲ್ಲ, ಅಚ್ಚಿಗೆ ಹೊರಟು ನಿಂತಿತ್ತು," ಆಕೆ ಹೇಳುತ್ತಿದ್ದಳು. "ಮೇಡಂ ಬೆಳಿಗ್ಗೆ ಬಂದವರೇ ತಡೆದ್ರು. ದೊಡ್ಡ ಸಾಹೇಬರು ಕೂಗಾಡಿದ್ರು. ಎಲ್ಲಾ ಸಣ್ಣ ಪದ, ಸಣ್ಣ ವಾಕ್ಯ, ಕಂಪ್ಯೂಟರ್ ಪೂರ್ತಿ ಅಂಕ ಕೊಟ್ಟಿದೆ, ಅರ್ಥವಾಗದೇ ಇರೋಕೆ ಅದರಲ್ಲಿ ಏನಿದೆ ಅಂತ. ಮೇಡಂ ಒಂದೇ ಮಾತು ಹೇಳಿದ್ರು. 'ನಮ್ಮನೆಯವರ ಉಸಿರು ನಿಂತಿತ್ತು.'"

ಆಕೆ ಎದ್ದು ನಮಸ್ಕರಿಸಿ ಹೊರಟಳು. ಬಾಗಿಲಲ್ಲಿ ಎದುರಾದ ಮಗಳ ಕೈ ಹಿಡಿದು ಏನೋ ಹೇಳಿದಳು. ಮಗಳು ಒಳಗೆ ಬಾರದೆ ಅಲ್ಲೇ ಹೊಸ್ತಿಲ ಹತ್ತಿರ ನಿಂತಳು.

ಮೆಕ್ಯಾನಿಕ್ ಚೀಟಿ ತೆಗೆದು ಮಂಡಿಯ ಮೇಲೆ ಹರಡಿದ. ಕನ್ನಡಕ ಹಾಕಿಕೊಂಡು ಮೊದಲ ಸಾಲಿನ ಕೆಳಗೆ ಬೆರಳಿಟ್ಟ. ಯಾರನ್ನು ಕಾಣಬೇಕು, ಯಾವ ಬಾಗಿಲು, ಬೂದಿ ಯಾವಾಗ ಕೊಡುತ್ತಾರೆ, ಎಲ್ಲವೂ ನೀರು ಕುಡಿದಷ್ಟು ಸುಲಭವಾಗಿತ್ತು. ಬೆರಳು ಕೆಳಗಿಳಿಯುತ್ತ ಕೊನೆಯ ಸಾಲಿಗೆ ಬಂತು. 'ಬಾಗಿಲು ಮುಚ್ಚಿದ ಮೇಲೂ ನೀವು ಇಲ್ಲೇ ಕೂತಿರಬಹುದು. ಏಳಬೇಕೆನಿಸಿದಾಗ ಎದ್ದರೆ ಸಾಕು.'

ಹಾಲ್ ನೋಡಿಕೊಳ್ಳುವಾತ ಬೀಗದ ಕೈ ಗೊಂಚಲು ಆಡಿಸುತ್ತ ಒಳಗೆ ಬಂದ. ಒಂದೊಂದಾಗಿ ಫ್ಯಾನ್ ಆರಿಸುತ್ತ ಮುಂದಿನ ಸಾಲಿನವರೆಗೂ ಬಂದವನು, ಚೀಟಿಯ ಮೇಲೆ ಬೆರಳು ನಿಂತ ಕಡೆ ಇಣುಕಿ ನೋಡಿದ. ಗೊಂಚಲನ್ನು ಮುಷ್ಟಿಯೊಳಗೆ ಹಿಡಿದು ಅದರ ಸದ್ದು ನಿಲ್ಲಿಸಿದ. ಮೆಕ್ಯಾನಿಕ್ಕಿನ ತಲೆಯ ಮೇಲಿನ ಫ್ಯಾನನ್ನು ಹಾಗೇ ಬಿಟ್ಟು, ಹಿಂದಿನ ಸಾಲಿಗೆ ಹೋಗಿ ಕೂತು, ಊಟದ ಡಬ್ಬಿಯ ಮುಚ್ಚಳವನ್ನು ಸದ್ದಾಗದ ಹಾಗೆ ತೆರೆದ.