ಬಡಾಯಿಯ ಕತ್ತು

ತಗಡಿನ ಗೋಡೆಯ ಈಚೆ ಟೈಲರಮ್ಮ, ಆಚೆ ಅವಳ ವಾರಗಿತ್ತಿ. ಅಣ್ಣತಮ್ಮಂದಿರು ಮನೆ ಪಾಲು ಮಾಡಿಕೊಂಡಾಗ ಹಿತ್ತಲಿಗೆ ಅಡ್ಡ ತಗಡು ನಿಲ್ಲಿಸಿದರು, ಹೆಂಡಿರ ಬಾಯಿಗೆ ಅಡ್ಡ ಏನನ್ನೂ ನಿಲ್ಲಿಸಲಾಗಲಿಲ್ಲ. ಎಣ್ಣೆ ಸೀಗೆಕಾಯಿಯಾದರೂ ಒಂದೇ ತಲೆಯ ಮೇಲೆ ಕೂರುತ್ತವೆ, ಇವರು ಒಂದೇ ಹೊತ್ತಿಗೆ ಬಟ್ಟೆ ಒಣಹಾಕುತ್ತಿರಲಿಲ್ಲ. ಈ ಹಗೆಗೆ ಕ್ಯಾರೇ ಅನ್ನದೆ ತಗಡಿನಡಿಯ ಸಂದಿಯಲ್ಲಿ ಓಡಾಡುತ್ತಿದ್ದುದು ಟೈಲರಮ್ಮನ ಬಾತುಕೋಳಿ ಒಂದೇ. ದಿನವಿಡೀ ಬಾಯಿ ಮುಚ್ಚದ ಅದಕ್ಕೆ ಬಡಾಯಿ ಎಂದು ಹೆಸರು. ಮರಿಯಿದ್ದಾಗಿನಿಂದ ಹೊಲಿಗೆ ಮೆಷಿನ್ನಿನ ಪಕ್ಕದಲ್ಲೇ ಸಾಕಿದ್ದಳು. ಗಂಡನ ಜೊತೆಗಿಂತ ಅದರ ಜೊತೆಗೇ ಅವಳ ಮಾತು ಹೆಚ್ಚು.

ಆ ಬೆಳಿಗ್ಗೆ ಬಡಾಯಿ ಸೊಲ್ಲೆತ್ತಲಿಲ್ಲ. ಕಾಲು ಊರಲಾಗದೆ, ರೆಕ್ಕೆ ಜೋತುಬಿದ್ದು, ಕತ್ತು ಒದ್ದೆ ಲಾಡಿಯಂತೆ ನೆಲದ ಮೇಲೆ ಬಿದ್ದಿತ್ತು. ಟೈಲರಮ್ಮ ಫೋನಿಗೆ ಕೈ ಹಾಕಿದಳು.

ಪಶುವೈದ್ಯರು ಫೋನಿನಲ್ಲೇ ಹೇಳಿದರು: "ಬೊಟುಲಿಸಂ ಇರಬಹುದಮ್ಮ. ಸತ್ತ ಪ್ರಾಣಿ ಕೊಳೆತು ವಿಷ ಆಗಿರುತ್ತೆ, ಅದರ ಹುಳ ತಿಂದ್ರೆ ಹೀಗೆ ಕತ್ತು ಬಿದ್ದುಹೋಗುತ್ತೆ. ಸಂಜೆ ಬರ್ತೀನಿ. ಅಲ್ಲೀತನಕ ತಲೆ ಎತ್ತಿ ಇಡಿ. ತೊಟ್ಟಿ ಹತ್ರ ಬಿಡಬೇಡಿ, ಮುಳುಗಿಬಿಡುತ್ತೆ. ನುಂಗಿದ್ರೆ ಮಾತ್ರ ಕೊಕ್ಕಿನ ಅಂಚಿಗೆ ಒಂದೊಂದೇ ಹನಿ ನೀರು. ಎಲ್ಲಿ ತಿಂತು ಅಂತ ಹುಡುಕಿ, ಅದನ್ನ ಮೊದಲು ತೆಗೀರಿ."

ಹಸಿರು ರವಿಕೆ ಬಟ್ಟೆಯ ಚೂರುಗಳನ್ನು ಸುತ್ತಿ ಸಿಂಬಿ ಮಾಡಿ, ಅದರ ಮೇಲೆ ಬಡಾಯಿಯ ತಲೆ ಇಟ್ಟಳು. ಒಂದು ಹನಿ ಬಿಟ್ಟಳು. ತುಂಬ ಹೊತ್ತಾದ ಮೇಲೆ ಗಂಟಲು ಅಲುಗಿತು.

ಕೊಳೆತದ್ದು ಅಂದ ಕೂಡಲೇ ಅವಳಿಗೆ ನೆನಪಾಗಿದ್ದು ವಾರಗಿತ್ತಿಯ ಮುಖ. ಹನಿ ಬಿಡುವ ನೀರನ್ನು ಗಂಡನ ಕೈಗೆ ಕೊಟ್ಟು ಎದ್ದಳು.

"ಅವರ ಸುದ್ದಿಗೆ ಹೋಗ್ಬೇಡ ಕಣೇ," ಎಂದ ಗಂಡ.

"ನಿಮ್ಮ ಅತ್ತಿಗೆ ಅಂದ್ರೆ ಸಾಕು, ನಿಮ್ಮ ಬೆನ್ನುಮೂಳೆಗೂ ಇದೇ ಕಾಯಿಲೆ."

ಬೀದಿ ಸುತ್ತಿ ಆಚೆ ಹಿತ್ತಲಿಗೆ ನುಗ್ಗಿದಳು. ವಾರಗಿತ್ತಿ ಪಾತ್ರೆ ತಿಕ್ಕುತ್ತಿದ್ದಳು.

"ನನ್ನ ಬಡಾಯಿಗೆ ಏನು ಹಾಕಿದ್ರಿ, ಅಕ್ಕಾ?" ಎಷ್ಟು ಜಗಳವಿದ್ದರೂ ಅಕ್ಕ ಅನ್ನುವುದನ್ನು ಬಿಟ್ಟವಳಲ್ಲ, ಬೈಗುಳದ ಹಾಗೆ ಅನ್ನುತ್ತಿದ್ದಳು ಅಷ್ಟೇ.

"ಏನಾಯ್ತು ಅದಕ್ಕೆ?"

"ನಾಟಕ ಬೇಡ. ಕೊಳೆತಿದ್ದರ ಹುಳ ತಿಂದು ಕತ್ತು ಬಿದ್ದಿದೆ. ನಿಮ್ಮ ಹಿತ್ತಲು ಬಿಟ್ರೆ ಅದು ಬೇರೆಲ್ಲೂ ಹೋಗಲ್ಲ."

ವಾರಗಿತ್ತಿಯ ಕೈ ನಿಂತಿತು. ಸೌದೆ ರಾಶಿಯ ಹಿಂದಕ್ಕೆ ಬೆರಳು ತೋರಿಸಿದಳು.

ಅಲ್ಲಿ ಸತ್ತ ಇಲಿಗಳು ಬಿದ್ದಿದ್ದವು. ಕೆಲವು ಒಣಗಿದ್ದವು, ಮೇಲಿನದರಲ್ಲಿ ಹುಳ ಮಿಜಿಗುಟ್ಟುತ್ತಿತ್ತು. ಒಂದೊಂದರ ಬಾಲಕ್ಕೂ ಬಟ್ಟೆಯ ಚೂರು: ಹಳದಿ, ಹೂವಿನದು, ಮೇಲಿನದಕ್ಕೆ ಅದೇ ಹಸಿರು ರವಿಕೆಯದು. ಇಲಿ ಮುಟ್ಟಲು ಟೈಲರಮ್ಮನಿಗೆ ಅಸಹ್ಯ. ತನ್ನ ಬೋನಿಗೆ ಬಿದ್ದು ಸತ್ತದ್ದರ ಬಾಲಕ್ಕೆ ಚೂರಿನ ಕುಣಿಕೆ ಬಿಗಿದು, ಗಿರ್ರನೆ ಬೀಸಿ ತಗಡಿನಾಚೆ ಎಸೆಯುತ್ತಿದ್ದಳು. ಹಾಗೆ ಎಸೆದ ದಿನ ಅವಳಿಗೆ ಒಂದು ತುತ್ತು ಹೆಚ್ಚೇ ಸೇರುತ್ತಿತ್ತು.

"ಬಾಲಕ್ಕೆ ರಿಬ್ಬನ್ ಕಟ್ಟಿ ಕಳಿಸ್ತಿದ್ಯಲ್ಲ," ಎಂದಳು ವಾರಗಿತ್ತಿ, "ಉಡುಗೊರೆ ಅಂದ್ಕೊಂಡೆ."

"ನೋಡಿದ್ಮೇಲೂ ಹಾಗೇ ಬಿಟ್ರಾ?"

"ನೀನೇ ಬಂದು ಬಾಚಬೇಕು ಅಂತ ಬಿಟ್ಟೆ." ಅವಳ ದನಿ ಇಳಿಯಿತು. "ಅದು ಸೌದೆ ಹಿಂದೆ ಹೋಗುತ್ತೆ ಅಂತ ಹೊಳೀಲಿಲ್ಲ. ದಿನಾ ಅನ್ನಕ್ಕೆ ನನ್ನ ಬಾಗಿಲಿಗೇ ಬರ್ತಿತ್ತು."

ವಾರಗಿತ್ತಿಯರ ಜಗಳದಲ್ಲಿ ಬಾತುಕೋಳಿ ಬಡವಾಗಿತ್ತು. ಟೈಲರಮ್ಮನಿಗೆ ತಲೆ ಎತ್ತಲಾಗಲಿಲ್ಲ.

"ಸಲಿಕೆ ಅಲ್ಲಿದೆ," ಎಂದಳು ವಾರಗಿತ್ತಿ. "ತೊಳೆದು ಇಟ್ಟು ಹೋಗು."

ಮೂಗಿಗೆ ಸೆರಗು ಕಟ್ಟಿಕೊಂಡು ಎಲ್ಲವನ್ನೂ ಬಾಚಿ ಆಳವಾಗಿ ಹೂತಳು. ಸಂಜೆ ವೈದ್ಯರು ಬಂದು ಸೂಜಿಯಲ್ಲಿ ನೀರು ಏರಿಸಿ, ನುಂಗುವುದು ನಿಲ್ಲದಿದ್ದರೆ ಬದುಕೀತು ಎಂದು ಹೇಳಿ ಹೋದರು. ಅವಳು ಮೆಷಿನ್ನಿಗೆ ಹೊದಿಕೆ ಹಾಕಿ ಬಡಾಯಿಯ ಪಕ್ಕದಲ್ಲೇ ಕೂತಳು. ಹನಿ ಬಿಡುವುದು, ಗಂಟಲು ನೋಡುವುದು, ಮತ್ತೆ ಹನಿ ಬಿಡುವುದು.

ಕೆಲವು ದಿನಗಳಾದ ಮೇಲೆ ಬಡಾಯಿ ಸಿಂಬಿಯಿಂದ ತಲೆ ಎತ್ತಿತು. ತೂರಾಡುತ್ತ ಎದ್ದು ನೇರ ತಗಡಿನ ಸಂದಿಗೆ ಹೋಗಿ ಒಂದು ಸಲ ಕೂಗಿತು.

"ಬದುಕ್ತಾ?" ಎಂದಿತು ಆಚೆಯ ದನಿ.

"ಬದುಕ್ತು. ನಿಮ್ಮ ಪುಣ್ಯದಿಂದಲ್ಲ."

"ನಿನ್ನ ಪಾಪದಿಂದ ಸಾಯ್ಲಿಲ್ವಲ್ಲ, ಸಾಕು."

ಅಂದು ಟೈಲರಮ್ಮ ಬೋನಿಗೆ ಬಿದ್ದು ಸತ್ತ ಇಲಿಯನ್ನು ಬರಿಗೈಯಲ್ಲೇ ಬಾಲ ಹಿಡಿದು ಒಯ್ದು, ತನ್ನ ಹಿತ್ತಲಿನಲ್ಲೇ ಗುಂಡಿ ತೋಡಿದಳು.