ಸದ್ದು ನನ್ನದು, ಫೋಟೋ ಅವನದು

ನಾನು ಒಂದು ಕ್ಯಾಮೆರಾ. ಹಾಗೆಂದ ಕೂಡಲೇ ಮದುವೆ ಮನೆಯಲ್ಲಿ ಎಲ್ಲರಿಗೂ ಅಡ್ಡ ನಿಂತು, ತೋಳುದ್ದದ ಲೆನ್ಸು ಚಾಚುವ ದೊಡ್ಡ ಕ್ಯಾಮೆರಾವನ್ನು ಕಣ್ಣಮುಂದೆ ತಂದುಕೊಳ್ಳಬೇಡಿ. ಅದು ನಾನಲ್ಲ. ನಾನು ಕಲಿಯುವವರ ಕ್ಯಾಮೆರಾ. ಈಗಷ್ಟೇ ಫೋಟೋ ಹುಚ್ಚು ಹತ್ತಿಸಿಕೊಂಡವರು ಮೊದಲು ಕೊಳ್ಳುವ, ಹಗುರವಾದ, ಪ್ಲಾಸ್ಟಿಕ್ ಮೈಯ ಜಾತಿ ನಮ್ಮದು. ಅದಕ್ಕಾಗಿ ನನಗೆ ನಾಚಿಕೆಯೇನೂ ಇಲ್ಲ.

ಹುಟ್ಟಿದ್ದು ದೂರದ ಥಾಯ್ಲೆಂಡಿನ ಕಾರ್ಖಾನೆಯೊಂದರಲ್ಲಿ. ಬಿಳಿ ಗವಸು ಹಾಕಿದ ಹುಡುಗಿಯೊಬ್ಬಳು ನನ್ನೊಳಗೆ ಪುಟ್ಟ ಕನ್ನಡಿ ಕೂರಿಸಿ, ಗುಂಡಿ ಒತ್ತಿ, ಕಿವಿಯ ಹತ್ತಿರ ಹಿಡಿದು ಆಲಿಸಿದಳು. ಕನ್ನಡಿ ಮೇಲಕ್ಕೆ ಹಾರಿತು, ಅದರ ಹಿಂದಿನ ರೆಪ್ಪೆ, ನೀವು ಶಟರ್ ಎನ್ನುವುದು, ತೆರೆದು ಮುಚ್ಚಿತು, ಕನ್ನಡಿ ಮತ್ತೆ ಕೆಳಗೆ ಬಿತ್ತು. ‘ಖಟಕ್’ ಎಂದೆ. ಅವಳು ತಲೆಯಾಡಿಸಿ ನನ್ನನ್ನು ಮುಂದಕ್ಕೆ ಕಳಿಸಿದಳು. ನನ್ನ ಮೊದಲ ಮಾತು ಅದು. ಜೀವಮಾನವಿಡೀ ಆಡಿದ್ದೂ ಅದೊಂದೇ ಮಾತು.

ನನ್ನನ್ನು ಮೊದಲು ಕೊಂಡವರು ಹುಬ್ಬಳ್ಳಿಯ ಒಬ್ಬ ಹಲ್ಲಿನ ಡಾಕ್ಟರು. ಮೊದಲ ವಾರ ನನ್ನ ಜೊತೆ ಬಂದ ಪುಸ್ತಕವನ್ನು ಮಗ್ಗುಲಲ್ಲೇ ಇಟ್ಟುಕೊಂಡು ಮಲಗಿದರು. ಗೋವಾಕ್ಕೆ ಕರೆದೊಯ್ದು ಸಮುದ್ರವನ್ನು ಚೆನ್ನಾಗಿ ತೆಗೆದರು. ಹೆಂಡತಿಯ ತಲೆಯನ್ನು ಮಾತ್ರ ಫೋಟೋದ ಹೊರಗೆ ಬಿಟ್ಟರು. ಆಮೇಲೆ ಅವರಿಗೆ ಒಳ್ಳೆಯ ಮೊಬೈಲು ಬಂತು, ನಾನು ಸ್ವೆಟರುಗಳ ನಡುವೆ ಕಪಾಟು ಸೇರಿದೆ. ಅಲ್ಲಿಂದ ನನ್ನನ್ನು ಬಿಡಿಸಿದ್ದು ಅವರ ಮಗನ ಜವಳದ ಕಾರ್ಯ. ಫೋಟೋ ತೆಗೆಯಲು ಗದಗದಿಂದ ಬಂದಿದ್ದ ಸಿದ್ರಾಮಪ್ಪನವರಿಗೆ ಡಾಕ್ಟರು ಪ್ರೀತಿಯಿಂದ ನನ್ನನ್ನೇ ಕೊಟ್ಟುಬಿಟ್ಟರು.

ಗದಗದ ಬಸ್ ನಿಲ್ದಾಣದ ಎದುರಿನ ಸಾಲಿನಲ್ಲಿ ಸಿದ್ರಾಮಪ್ಪನವರ ಸ್ಟುಡಿಯೋ. ಹೆಸರು ‘ಮಂದಹಾಸ’. ಹೆಸರಿಟ್ಟವರು ಅವರ ತಂದೆ. ಆದರೆ ಆ ಸ್ಟುಡಿಯೋದಲ್ಲಿ ಮಂದಹಾಸವೆಂಬುದು ಬೋರ್ಡಿನ ಮೇಲೆ ಬಿಟ್ಟರೆ ಬೇರೆಲ್ಲೂ ಇರಲಿಲ್ಲ. ಗೋಡೆಯ ಮೇಲಿದ್ದ ಫೋಟೋಗಳಲ್ಲಿ ಮದುಮಕ್ಕಳು, ಮುದುಕರು, ಬಹುಮಾನ ಗೆದ್ದ ಪೈಲ್ವಾನರು ಎಲ್ಲರೂ ಎದೆ ಸೆಟೆಸಿ, ಕಣ್ಣರಳಿಸಿ, ಬಾಯಿ ಬಿಗಿದುಕೊಂಡು ನಿಂತಿದ್ದರು.

ಇದಕ್ಕೊಂದು ಕಾರಣವಿತ್ತು. ತಂದೆಯ ಕಾಲದ ಕ್ಯಾಮೆರಾಕ್ಕೆ ಚಿತ್ರ ಹಿಡಿಯಲು ಬಹಳ ಹೊತ್ತು ಬೇಕಾಗುತ್ತಿತ್ತಂತೆ. ಅಷ್ಟರೊಳಗೆ ಎದುರಿನವರು ಸ್ವಲ್ಪ ಅಲುಗಾಡಿದರೂ ಮುಖ ಕಲಸಿಹೋಗುತ್ತಿತ್ತು. ಅದಕ್ಕೇ ಅವರು, “ಉಸಿರ ಹಿಡೀರಿ! ಅಲುಗಾಡಬ್ಯಾಡ್ರಿ!” ಎಂದು ಗದರುತ್ತಿದ್ದರು. ಕ್ಯಾಮೆರಾಗಳು ಬದಲಾದವು, ಗದರಿಕೆ ಬದಲಾಗಲಿಲ್ಲ. ನನಗೆ ಒಂದು ಚಿತ್ರಕ್ಕೆ ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಡ. ಆದರೂ ಸಿದ್ರಾಮಪ್ಪ ನನ್ನನ್ನು ಕಣ್ಣಿಗೆ ಹಿಡಿದೊಡನೆ, “ಹಾಂ, ಉಸಿರ ಹಿಡೀರಿ!” ಎನ್ನುತ್ತಿದ್ದರು. ಊರಿನ ಜನವೂ ಅದಕ್ಕೆ ಒಗ್ಗಿಹೋಗಿದ್ದರು. ಸ್ಟೂಲಿನ ಮೇಲೆ ಕೂತರೆ ಸಾಕು, ಯಾರೂ ಹೇಳದೆಯೇ ಉಸಿರು ಬಿಗಿಹಿಡಿಯುತ್ತಿದ್ದರು. ನಾನು ‘ಖಟಕ್’ ಎಂದ ಮೇಲೆಯೇ ಅವರಿಗೆ ಬಿಡುಗಡೆ.

ಅಲ್ಲಿ ವರ್ಷಗಟ್ಟಲೆ ದುಡಿದೆ. ರೇಷನ್ ಕಾರ್ಡಿನ ಮುಖಗಳು, ಹಾಲ್ ಟಿಕೆಟ್ಟಿನ ಮುಖಗಳು, ಬಸುರಿಯರ ಕುಬಸದ ಕಾರ್ಯಗಳು. ನನ್ನ ಹಿಡಿಕೆಯ ರಬ್ಬರು ಎದ್ದುಬಂತು, ಅಂಟು ಹಾಕಿ ಕೂರಿಸಿದರು. ಬ್ಯಾಟರಿಯ ಮುಚ್ಚಳ ಮುರಿಯಿತು, ಟೇಪು ಸುತ್ತಿದರು. ಬೆಳಕು ಕಡಿಮೆಯಾದರೆ ನನಗೆ ಕಣ್ಣು ಕಾಣುವುದಿಲ್ಲ, ಬಿಳಿ ಸೀರೆಯ ಮೇಲೆ ಸಾಸಿವೆ ಚೆಲ್ಲಿದಂತೆ ಚುಕ್ಕೆ ಎಬ್ಬಿಸುತ್ತೇನೆ. ಅದನ್ನೂ ಅವರು ಸಹಿಸಿಕೊಂಡರು. ಒಟ್ಟಿನಲ್ಲಿ ಸುಖವಾಗಿದ್ದೆ.

ಆಗ ಬಂದ ಸಾಹೇಬ.

ಸಾಹೇಬ ಎಂದು ನಾನೇ ಇಟ್ಟ ಹೆಸರು. ಸಿದ್ರಾಮಪ್ಪನವರ ಮಗಳು ನಂದಾ ಫೋಟೋಗ್ರಫಿ ಕೋರ್ಸು ಮುಗಿಸಿ, ತಾನೇ ದುಡಿದು ತಂದ ಹೊಸ ಕ್ಯಾಮೆರಾ ಅವನು. ಕೊರಳಿಗೆ ಹೂವು, ಹಣೆಗೆ ಕುಂಕುಮ, ಮುಂದೆ ನಿಂಬೆಹಣ್ಣು. ನನ್ನನ್ನು ಸ್ವೆಟರಿನ ವಾಸನೆಯ ಸಮೇತ ಒಳಗೆ ಕರೆದುಕೊಂಡಿದ್ದರು ಎಂಬುದು ನೆನಪಾಗಿ ಮೈಯೆಲ್ಲ ಉರಿಯಿತು.

ಸುಳ್ಳು ಹೇಳಲಾರೆ, ಅವನ ಸಾಮರ್ಥ್ಯವೇ ಬೇರೆ. ನನ್ನ ಚಿತ್ರದಲ್ಲಿರುವುದು ಹತ್ತು ಮೆಗಾಪಿಕ್ಸೆಲ್, ಅವನದು ನಲವತ್ತೈದು. ನಾನು ಒಂದು ಸೆಕೆಂಡಿಗೆ ಮೂರು ಫೋಟೋ ತೆಗೆದು ಏದುಸಿರು ಬಿಡುವಾಗ ಅವನು ಇಪ್ಪತ್ತು ತೆಗೆದು ಇನ್ನೂ ಬೇಕೇ ಎನ್ನುತ್ತಾನೆ. ಕತ್ತಲಲ್ಲೂ ಅವನಿಗೆ ಕಣ್ಣು ಕಾಣುತ್ತದೆ. ಎದುರಿನವರು ಎತ್ತ ತಿರುಗಿದರೂ ಅವರ ಕಣ್ಣನ್ನೇ ಹುಡುಕಿ ಹಿಡಿಯುತ್ತಾನೆ. ನನ್ನ ತಲೆಯ ಮೇಲೆ ಒಂದು ಪುಟ್ಟ ಫ್ಲ್ಯಾಶ್ ಇದೆ, ಗುಂಡಿ ಒತ್ತಿದರೆ ಟಪ್ಪೆಂದು ಎದ್ದು ನಿಲ್ಲುತ್ತದೆ. ಅವನ ತಲೆ ಬೋಳು. ಬಹಳ ದಿನ ಅದೊಂದನ್ನೇ ಹಿಡಿದುಕೊಂಡು ಸಮಾಧಾನಪಟ್ಟೆ.

ಅವನ ದೊಡ್ಡ ಗುಣವೆಂದರೆ ಮೌನ. ಅವನೊಳಗೆ ಕನ್ನಡಿ ಇಲ್ಲ. ಒಂದಿಷ್ಟೂ ಸದ್ದಿಲ್ಲದೆ ಫೋಟೋ ತೆಗೆದುಬಿಡುತ್ತಾನೆ. ಇದರಿಂದ ಮಂದಹಾಸ ಸ್ಟುಡಿಯೋದಲ್ಲಿ ಭಾರೀ ಗೊಂದಲವಾಯಿತು. ಜನ ಬಂದು ಕೂತು ಉಸಿರು ಬಿಗಿಹಿಡಿಯುವರು. ನಂದಾ ಹತ್ತಾರು ಫೋಟೋ ತೆಗೆದು ಮುಗಿಸುವಳು. ಸದ್ದು ಬರಲಿಲ್ಲವಲ್ಲ, ಅವರು ಹಾಗೇ ಕೂತಿರುವರು. “ಆತ್ರೀ, ಏಳ್ರಿ” ಎಂದರೆ, “ತಗದ ಇಲ್ಲಲ್ಲ ಬೇ!” ಎಂದು ಜಗಳಕ್ಕೆ ಬರುವರು. ಇನ್ನು ಕೆಲವು ಹೆಂಗಸರಿಗೆ ಅವನ ಸ್ಪಷ್ಟತೆಯೇ ತಕರಾರು. “ಯವ್ವಾ, ಇದು ಬಾಳ ಖರೇ ಹೇಳತೈತಿ. ಆ ಹಳೇದರಾಗ ತಗೀ” ಎಂದು ನನ್ನತ್ತ ಕೈ ತೋರಿಸುವರು. ಆಗ ಸಾಹೇಬನ ಕಡೆ ಒಂದು ನೋಟ ಬೀರದೆ ಇರಲು ನನ್ನಿಂದ ಆಗುತ್ತಿರಲಿಲ್ಲ.

ಈ ಪೈಪೋಟಿಯ ನಡುವೆ ಬಂದದ್ದು ಕಲ್ಮೇಶನ ಪ್ರಕರಣ.

ಕಲ್ಮೇಶ ಗದಗ–ರೋಣ ಬಸ್ಸಿನ ಕಂಡಕ್ಟರು. ವಯಸ್ಸು ಮೂವತ್ತು ದಾಟಿತ್ತು. ಅವನು ಸ್ಟುಡಿಯೋದ ಮುಂದೆ ನಡೆದು ಹೋದರೆ ಒಳಗೆ ಕೂತ ನನಗೂ ಅವನ ನಗು ಕೇಳಿಸುತ್ತಿತ್ತು. ಅಂಥ ನಗೆಗಾರನಿಗೆ ಕ್ಯಾಮೆರಾ ಹಿಡಿದರೆ ಮಾತ್ರ ಮುಖ ಕಲ್ಲಾಗುತ್ತಿತ್ತು. ಕನ್ಯೆ ನೋಡಲು ಬಯೋಡಾಟಾ ಫೋಟೋ ಬೇಕೆಂದು ತಾಯಿ ನೀಲವ್ವ ಅವನನ್ನು ಕರೆತಂದಾಗ ನಾನೇ ತೆಗೆದಿದ್ದೆ. ಹುಬ್ಬು ಗಂಟಿಕ್ಕಿ, ದವಡೆ ಬಿಗಿದು, ಟಿಕೆಟ್ ತಗೊಳ್ಳದವನನ್ನು ಹಿಡಿದ ಹಾಗೆ ನೋಡುತ್ತಿದ್ದ. ಆ ಫೋಟೋ ನೋಡಿದ ಕನ್ಯೆಯರ ಮನೆಗಳಿಂದ ಒಂದೊಂದಾಗಿ ‘ಬ್ಯಾಡ್ರಿ’ ಎಂಬ ಉತ್ತರ ಬಂತು. ಎದುರು ಬಂದು ಒಮ್ಮೆ ಅವನನ್ನು ನೋಡಿದರೆ ಯಾರೂ ಬೇಡವೆನ್ನುತ್ತಿರಲಿಲ್ಲ. ಆದರೆ ಈಗಿನ ಕಾಲದಲ್ಲಿ ಮೊದಲು ಫೋಟೋ ಮೊಬೈಲಿಗೆ ಹೋಗುತ್ತದೆ, ಅಲ್ಲೇ ತೀರ್ಮಾನವಾಗಿಬಿಡುತ್ತದೆ.

ಸಾಹೇಬ ಬಂದ ಸುದ್ದಿ ಕೇಳಿ ನೀಲವ್ವ ಮತ್ತೆ ಬಂದಳು. “ಅಣ್ಣಾ, ಹೊಸಾ ಕ್ಯಾಮೆರಾದಾಗ ತಗೀರಿ. ಅದರಾಗಾದ್ರೂ ನನ್ನ ಮಗ ಮನಶಾನಂಗ ಕಾಣಲಿ” ಎಂದಳು.

ನಂದಾ ತೆಗೆದಳು. ಫಲಿತಾಂಶ ಇನ್ನೂ ಕೆಟ್ಟಿತು. ನನ್ನ ಚಿತ್ರದಲ್ಲಿ ಸಿಟ್ಟಿನವನಂತೆ ಕಂಡವನು ಸಾಹೇಬನ ಚಿತ್ರದಲ್ಲಿ ದವಡೆಯ ಪ್ರತಿ ನರವೂ ಎಣಿಸಲು ಸಿಗುವಂಥ ಸಿಟ್ಟಿನವನಾಗಿದ್ದ. ನನಗೆ ಒಳಗೊಳಗೇ ಖುಷಿಯಾಯಿತು. ಆದರೆ ಫೋಟೋ ನೋಡಿದ ನೀಲವ್ವ ಸೆರಗು ಬಾಯಿಗಿಟ್ಟುಕೊಂಡಾಗ ಆ ಖುಷಿ ನಿಲ್ಲಲಿಲ್ಲ.

“ಒಂದನೇತ್ತಾ ಇದ್ದಾಗಿಂದ ಹಿಂಗ ನೋಡ್ರಿ” ಎಂದಳು ಅವಳು. “ಸಾಲ್ಯಾಗ ಗ್ರೂಪ್ ಫೋಟೋ ತಗದಾಗ ಯಾರೋ ಗದರಿಸಿದರಂತ, ಉಸಿರ ಬಿಟ್ಟರ ಫೋಟೋ ಕೆಡತೈತಿ ಅಂತ. ಅವತ್ತಿಂದ ಕ್ಯಾಮೆರಾ ಕಂಡರ ಸಾಕು, ಹಿಂಗ ನಿಲ್ಲತಾನ.”

ಸಿದ್ರಾಮಪ್ಪ ಕನ್ನಡಕ ತೆಗೆದು ಒರೆಸಿಕೊಂಡರು. “ಆ ಸಾಲಿ ಫೋಟೋ ತಗದಾಂವ ನಾನ, ತಂಗಿ” ಎಂದರು. ಕಲ್ಮೇಶನೇ, “ಇರಲಿ ಬಿಡ್ರಿ ಕಾಕಾ, ನನ್ನ ಮಾರೀನ ಹಂಗೈತಿ” ಎಂದು ದೊಡ್ಡದಾಗಿ ನಕ್ಕ. ಆ ನಗುವನ್ನು ನಂದಾ ಗಮನಿಸಿದಳು. ಮೊದಲ ಸಲ ನಾನು ಫೋಟೋ ತೆಗೆದಾಗಲೂ ಅವನು ನನ್ನ ಸದ್ದು ಕೇಳಿದ ಮೇಲೆ, ಹೆಗಲು ಇಳಿಸಿ, ಹೀಗೇ ನಕ್ಕಿದ್ದ.

“ಕಲ್ಮೇಶಣ್ಣ, ಸಾಹೇಬ್ರ ಕ್ಯಾಮೆರಾ ಬ್ಯಾಡ” ಎಂದಳಾಕೆ. ನಾನಿಟ್ಟ ಹೆಸರು ಅವಳ ಬಾಯಲ್ಲೂ ಬಂದದ್ದು ಹೇಗೋ ನನಗೆ ತಿಳಿಯದು. “ಅಪ್ಪಾ ಹಳೇದರಾಗ ತಗೀತಾರ. ಕುಂದರು.”

ನನಗೆ ಹಿಡಿಸಲಾರದಷ್ಟು ಹಿಗ್ಗು. ಆದರೆ ಅವಳು ನನ್ನನ್ನು ಅಪ್ಪನ ಕೈಗೆ ಕೊಡುವ ಮೊದಲು ನನ್ನೊಳಗಿನ ಮೆಮರಿ ಕಾರ್ಡನ್ನು ಮೆಲ್ಲಗೆ ಹೊರಗೆ ಎಳೆದಳು. ಎಲೆ ಹಾಕದೆ ಊಟಕ್ಕೆ ಕೂರಿಸಿದ ಹಾಗಾಯಿತು. ಅವಳು ಸಾಹೇಬನನ್ನು ಹಿಡಿದುಕೊಂಡು ಪರದೆಯ ಪಕ್ಕ, ಏನೋ ಸರಿಪಡಿಸುವವಳಂತೆ ನಿಂತಳು.

“ಉಸಿರ ಹಿಡೀ!” ಎಂದರು ಸಿದ್ರಾಮಪ್ಪ. ಕಲ್ಮೇಶ ಕಲ್ಲಾದ. ನಾನು ‘ಖಟಕ್’ ಎಂದೆ. ಮುಗಿಯಿತೆಂದು ಅವನು ಉಸಿರು ಬಿಟ್ಟ, ಹೆಗಲು ಇಳಿಸಿದ, ತಾಯಿಯ ಕಡೆ ನೋಡಿ ಬಾಯ್ತುಂಬ ನಕ್ಕ. ಅದೇ ಹೊತ್ತಿಗೆ ಪಕ್ಕದಲ್ಲಿ ಸಾಹೇಬ ಸದ್ದಿಲ್ಲದೆ ತನ್ನ ಕೆಲಸ ಮಾಡಿದ.

ಕಂಪ್ಯೂಟರಿನ ಮುಂದೆ ಎಲ್ಲರೂ ಕುಣಿದಾಡುವಾಗ ನಾನು ಮೂಲೆಯಲ್ಲಿ ಮುಖ ಊದಿಸಿಕೊಂಡಿದ್ದೆ. ಸದ್ದು ನನ್ನದು, ಫೋಟೋ ಅವನದು. ನನ್ನ ಹಣೆಬರಹವೇ ಇಷ್ಟು ಅನ್ನಿಸಿತು. ಇಷ್ಟು ವರ್ಷ ನನಗೆ ಸಿಕ್ಕಿದ್ದೆಲ್ಲ ಉಸಿರು ಹಿಡಿದ ಮುಖಗಳು. ಜನ ನಗುತ್ತಿದ್ದದ್ದು ನನ್ನ ರೆಪ್ಪೆ ಮುಚ್ಚಿದ ಮೇಲೆ.

ಹೊಸ ಫೋಟೋ ಹೋದದ್ದು ರೋಣದ ಶಿವಲೀಲಾ ಎಂಬ ಹುಡುಗಿಯ ಮನೆಗೆ. ಅಲ್ಲಿನ ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆಯುವ ಕೆಲಸ ಅವಳದು. ನಾಲ್ಕು ದಿನ ಕಳೆಯುವಷ್ಟರಲ್ಲಿ ಅವಳೇ ಚಿಕ್ಕಮ್ಮನ ಜೊತೆ ಸ್ಟುಡಿಯೋಕ್ಕೆ ಬಂದಿಳಿದಳು. ಮೊಬೈಲಿನಲ್ಲಿ ಎರಡು ಫೋಟೋ ತೋರಿಸಿದಳು. ಒಂದು ನಾನು ತೆಗೆದ ಹಳೆಯದು. ಹೋದ ವರ್ಷ ಅದನ್ನು ನೋಡಿ ಬೇಡವೆಂದವಳು ಅವಳೇ. ಇನ್ನೊಂದು ಸಾಹೇಬನದು.

“ಕಾಕಾರ, ಫೋಟೋದ ಕೆಳಗ ನಿಮ್ಮ ಸ್ಟುಡಿಯೋ ಹೆಸರೈತಿ ಅಂತ ಬಂದೇನ್ರಿ. ಇವೆರಡರಾಗ ಖರೇ ಮನಶಾ ಯಾರು?” ಎಂದಳು.

ಕಲ್ಮೇಶನ ಮದುವೆ ತಮ್ಮ ನಾಲಿಗೆಯ ಮೇಲೆ ನಿಂತಿದೆ ಎಂದು ಸಿದ್ರಾಮಪ್ಪನವರಿಗೆ ಹೆದರಿಕೆಯಾಯಿತು. ನಂದಾ ಮಾತ್ರ ಹೆದರಲಿಲ್ಲ. “ಅಕ್ಕಾ, ಫೋಟೋ ನೋಡಿ ಯಾಕ ತಲಿ ಕೆಡಿಸ್ಕೋತೀರಿ? ಸಂಜೀಕ ರೋಣಕ್ಕ ಹೋಗೋ ಬಸ್ಸು ಅಂವಂದ. ಹತ್ತಿ ಕುಂದರ್ರಿ. ನೀವು ಯಾರಂತ ಹೇಳಬ್ಯಾಡ್ರಿ” ಎಂದಳು.

ಆ ಬಸ್ಸಿನಲ್ಲಿ ಏನಾಯಿತೆಂದು ನಾನು ನೋಡಲಿಲ್ಲ, ಮುಂದೆ ಅವರಿವರು ಹೇಳಿದ್ದನ್ನು ಕೇಳಿದೆ. ಕಲ್ಮೇಶ ಒಬ್ಬ ಅಜ್ಜಿಯ ಕೋಳಿಬುಟ್ಟಿಗೆ ಕಿಟಕಿಯ ಪಕ್ಕದ ಜಾಗ ಕೊಡಿಸಿ, “ಗಾಳಿ ತೊಗೊಳ್ಳಿ ಪಾಪ, ಇದ ಕಡೇ ಪ್ರವಾಸ ಇರಬೇಕು” ಎಂದನಂತೆ. ಅಜ್ಜಿ ಬೈದಳಂತೆ. ಇಡೀ ಬಸ್ಸು ನಕ್ಕಿತಂತೆ. ರೋಣದಲ್ಲಿ ಇಳಿಯುವಾಗ ಶಿವಲೀಲಾ ಅವನಿಗೆ, “ನಮ್ಮ ಮನ್ಯಾಗ ಹೂಂ ಅಂತ ಹೇಳತೇನ್ರಿ” ಎಂದು ಹೇಳಿ ಇಳಿದೇಬಿಟ್ಟಳಂತೆ. ಪಾಪ, ಅವನಿಗೆ ಏನೆಂದು ತಿಳಿಯದೆ ಸೀಟಿ ಊದುವುದನ್ನೇ ಮರೆತನಂತೆ.

ಮದುವೆಗೆ ನಮ್ಮಿಬ್ಬರನ್ನೂ ಒಯ್ದರು. ನಂದಾಳ ಕೈಯಲ್ಲಿ ಸಾಹೇಬ, ಅಪ್ಪನ ಕೊರಳಲ್ಲಿ ಕಾರ್ಡಿಲ್ಲದ ನಾನು. ನಮ್ಮ ಜೋಡಿ ಚೆನ್ನಾಗಿಯೇ ಕೆಲಸ ಮಾಡಿತು. ನಾನು ‘ಖಟಕ್’ ಎನ್ನುವುದು, ಬೀಗರು ಸಡಿಲವಾಗುವುದು, ಅವನು ತೆಗೆಯುವುದು. ಸಾಹೇಬನೊಂದಿಗೆ ದುಡಿಯುವುದು ಅಷ್ಟು ಬೇಜಾರಿನದ್ದಲ್ಲ ಎಂದು ಅನ್ನಿಸತೊಡಗಿತ್ತು.

ಅಕ್ಷತೆ ಬಿತ್ತು. ಮದುಮಕ್ಕಳ ಮುಖ್ಯ ಫೋಟೋ, ಮನೆಯ ಗೋಡೆಯ ಮೇಲೆ ಜೀವನಪೂರ್ತಿ ಇರುವಂಥದ್ದು, ಆಗ ತೆಗೆಯಬೇಕಿತ್ತು. ಕಲ್ಮೇಶ, ಶಿವಲೀಲಾ, ಪಕ್ಕದಲ್ಲಿ ನೀಲವ್ವ, ಹಿಂದೆ ಎರಡೂ ಕಡೆಯ ಬಳಗ. “ಉಸಿರ ಹಿಡೀರಿ!” ಎಂದರು ಸಿದ್ರಾಮಪ್ಪ. ಎಲ್ಲರೂ ಹಿಡಿದರು. ಅವರು ಗುಂಡಿ ಒತ್ತಿದರು.

ನನ್ನ ಕನ್ನಡಿ ಮೇಲಕ್ಕೆ ಹಾರಿತು. ರೆಪ್ಪೆ ತೆರೆಯಿತು. ಅಷ್ಟೇ. ಮುಚ್ಚಲಿಲ್ಲ, ಕನ್ನಡಿ ಕೆಳಗೆ ಬರಲಿಲ್ಲ. ಒಳಗೆ ಏನೋ ಮುರಿದದ್ದು ನನಗೆ ತಿಳಿಯಿತು. ಅರ್ಧ ಸದ್ದು ಹೊರಟು ಅರ್ಧ ನನ್ನಲ್ಲೇ ಉಳಿಯಿತು.

ವೇದಿಕೆಯ ಮೇಲೆ ಇಡೀ ಬಳಗ ಉಸಿರು ಬಿಗಿಹಿಡಿದು, ಬಾರದ ಸದ್ದಿಗಾಗಿ ಕಾಯುತ್ತಿತ್ತು. ಕಲ್ಮೇಶನ ಹುಬ್ಬು ಗಂಟಿಕ್ಕಿತು, ದವಡೆ ಬಿಗಿಯಿತು. ಸಿದ್ರಾಮಪ್ಪ ನನ್ನನ್ನು ತಟ್ಟಿದರು, ಅಲುಗಾಡಿಸಿದರು. ನಂದಾ ಸಾಹೇಬನ ಹಿಂದೆ ಕಂಗಾಲಾಗಿ ನಿಂತಿದ್ದಳು. ಇನ್ನು ಈ ಮನೆಯ ಗೋಡೆಯ ಮೇಲೂ ಆ ಸಿಟ್ಟಿನ ಮುಖವೇ ನಿಲ್ಲುತ್ತದೆ ಎಂದುಕೊಂಡೆ.

ಆಗ ಶಿವಲೀಲಾ ಗಂಡನ ಮುಖವನ್ನೊಮ್ಮೆ, ಸಿದ್ರಾಮಪ್ಪನವರನ್ನೊಮ್ಮೆ ನೋಡಿದಳು.

“ಅಲ್ರೀ ಕಾಕಾರ, ನಾನೂ ದಿನಾ ಮಂದಿಗೆ ಉಸಿರ ಹಿಡೀರಿ ಅಂತೇನಿ. ಎಕ್ಸ್-ರೇ ಮುಗದ ಮ್ಯಾಲೆ ಬಿಡ್ರಿ ಅಂತನೂ ಹೇಳತೇನಿ. ಸಾಲ್ಯಾಗ ಇವರಿಗೆ ಹಿಡೀ ಅಂದವರು ನೀವ ಅಂತ ಅತ್ತಿ ಹೇಳ್ಯಾರ. ಬಿಡು ಅಂತ ಯಾವಾಗ ಹೇಳಿದ್ರಿ?”

ಸಿದ್ರಾಮಪ್ಪ ನನ್ನನ್ನು ಎದೆಯ ಮೇಲೆ ಇಳಿಬಿಟ್ಟರು. ಅವರ ತಂದೆಯೂ ಆ ಮಾತು ಹೇಳಿರಲಿಲ್ಲ, ಅವರೂ ಹೇಳಿರಲಿಲ್ಲ.

ಶಿವಲೀಲಾ ಕಲ್ಮೇಶನ ತೋಳು ಮುಟ್ಟಿ, ಆಸ್ಪತ್ರೆಯ ಕೋಣೆಯ ಅದೇ ಧ್ವನಿಯಲ್ಲಿ, “ಆತ್ರೀ. ಇನ್ನ ಉಸಿರ ಬಿಡ್ರಿ” ಎಂದಳು.

ಅವನು ಬಿಟ್ಟ. ಒಂದನೇ ತರಗತಿಯಿಂದ ಹಿಡಿದಿಟ್ಟದ್ದನ್ನೆಲ್ಲ ಒಟ್ಟಿಗೆ ಬಿಟ್ಟ ಹಾಗೆ ಉದ್ದಕ್ಕೆ ಬಿಟ್ಟ. ಅವನ ಹಿಂದೆಯೇ ಇಡೀ ವೇದಿಕೆ ಉಸ್ಸೆಂದಿತು. ಆಮೇಲೆ ಅವನು ನಕ್ಕ, ಅವಳು ನಕ್ಕಳು, ನೀಲವ್ವ ಅಳುತ್ತಲೇ ನಕ್ಕಳು. ಸಾಹೇಬ ಅದನ್ನು ತೆಗೆದ. ಬಹಳ ಚೆನ್ನಾಗಿ ತೆಗೆದ. ನನ್ನ ತೆರೆದೇ ಉಳಿದ ಕಣ್ಣಿನಲ್ಲಿ ನಾನು ಅದನ್ನು ಮೊದಲಿಂದ ಕೊನೆಯವರೆಗೆ ನೋಡಿದೆ. ಒಂದು ನಗು ಹುಟ್ಟಿ, ಮುಖವೆಲ್ಲ ಹರಡಿ, ಮೆಲ್ಲಗೆ ಇಳಿಯುವುದನ್ನು ಅಲ್ಲಿಯವರೆಗೆ ನಾನು ನೋಡಿಯೇ ಇರಲಿಲ್ಲ. ಆ ಗಳಿಗೆಯಲ್ಲಿ ನನಗೆ ಸಾಹೇಬನ ಮೇಲೆ ಒಂದಿಷ್ಟೂ ಹೊಟ್ಟೆಕಿಚ್ಚಿರಲಿಲ್ಲ.

ನನ್ನ ರಿಪೇರಿಗೆ ಬಿಡಿಭಾಗ ಸಿಗುವುದಿಲ್ಲವಂತೆ. ಸಿದ್ರಾಮಪ್ಪ ಈಗ ಸ್ಟೂಲಿನ ಮೇಲೆ ಯಾರೇ ಕೂತರೂ, “ಹಾಂ, ಉಸಿರ ಬಿಡ್ರಿ” ಎನ್ನುತ್ತಾರೆ. ಜನ ಎಷ್ಟು ನಗುತ್ತಾರೆಂದರೆ ಪಾಸ್‌ಪೋರ್ಟಿನ ಫೋಟೋಗಳು ತಿರುಗಿ ಬರುತ್ತಿವೆ, “ಇಷ್ಟ ನಗಬ್ಯಾಡ್ರಿ” ಎಂದು ಬೇಡಿಕೊಳ್ಳುವ ಪರಿಸ್ಥಿತಿ ಬಂದಿದೆ. ನಂದಾ ನನ್ನನ್ನು ಗಾಜಿನ ಕಪಾಟಿನಲ್ಲಿ, ಆ ಸ್ಟೂಲಿಗೆ ನೇರ ಮುಖ ಮಾಡಿ, ಲೆನ್ಸಿನ ಮುಚ್ಚಳ ತೆಗೆದೇ ಇಟ್ಟಿದ್ದಾಳೆ. ನನ್ನ ರೆಪ್ಪೆ ಇನ್ನೂ ಮುಚ್ಚಿಲ್ಲ. ಮುಚ್ಚಲಿ ಎಂಬ ಆಸೆಯೂ ನನಗಿಲ್ಲ.